ಎಡತಿರುಪಿನ ನಾಲ್ಕು ಬೋಲ್ಟು

"ಪೈಪ್ ಹಾಕಿ ಜಗ್ರಲೇ, ಬರೀ ಕೈಗೆ ಅದು ಬಗ್ಗಂಗಿಲ್ಲ," ಎಂದು ಮುರುಗೇಶ್ ಹಿತ್ತಲಿನ ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದ. ಒಳಗೆ ಇಬ್ಬರು ಆಳುಗಳು ಕಬ್ಬಿಣ ಕಡೆಯುವ ಲೇತಿನ ಕಾಲಿಗೆ ಬಿಗಿದಿದ್ದ ನಟ್ಟಿಗೆ ಪಾನಾ ಸಿಕ್ಕಿಸಿದರು. ಪಾನಾದ ಹಿಡಿಗೆ ಮೂರಡಿ ಉದ್ದದ ನೀರಿನ ಪೈಪು ತೂರಿಸಿ, ಗೋಡೆಗೆ ಕಾಲು ಕೊಟ್ಟು ಜಗ್ಗಿದರು. ನಟ್ಟು ಕಿರ್ರ್ ಎಂದಿತು. "ಬಂತು ಬಂತು!" ಎಂದರು. ಎಲ್ಲಿ ಬರುತ್ತದೆ? ಮೊದಲಿಗಿಂತ ಬಿಗಿಯಾಗಿ ಕೂತಿತ್ತು.

ಆ ಲೇತಿನ ಯಜಮಾನ ಉಜ್ಜಿನಪ್ಪ ಮುಂದಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಸುಕಿನಲ್ಲಿ ಪ್ರಾಣ ಹೋಗಿತ್ತು. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂಡಿಸಿಯೇ ಹೊತ್ತೊಯ್ದು, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ, ಗದ್ದಕ್ಕೊಂದು ಬಿಳಿ ಬಟ್ಟೆ ಕಟ್ಟಿದ್ದರು. ಮೂವತ್ತು ವರ್ಷ ಹೊಸಪೇಟೆಯಿಂದ ಹಂಪಿ ಬಜಾರಿನವರೆಗೆ ಸೈಕಲ್ಲಿನ ಮೇಲೆ ಟಪಾಲು ಹಂಚಿದ ಮನುಷ್ಯ. ಚಿತ್ತವಾಡಗಿಯ ಅರ್ಧ ಓಣಿ ಆ ಪಡಸಾಲೆಯಲ್ಲೇ ಸೇರಿತ್ತು. ಹೊರಗೆ ಬಿದಿರು, ಬಾಳೆದಿಂಡು ಕಟ್ಟಿ ಹೆಣ ಹೊರುವ ವಿಮಾನ ಸಿದ್ಧ ಮಾಡುತ್ತಿದ್ದರು.

ಹೆಂಡತಿ ಸಂಗಮ್ಮ ಅವನ ಮಗ್ಗುಲಲ್ಲೇ ಕೂತಿದ್ದಳು. ಹಿತ್ತಲಿನಿಂದ ಮತ್ತೊಮ್ಮೆ ಕಿರ್ರ್ ಎಂದ ಸದ್ದು ಕೇಳಿದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಗಲು ಅದುರಿದವು.

"ಅಳಲಿ ಬಿಡ್ರವಾ, ಅತ್ರ ಹಗುರಾಕ್ಕೈತಿ," ಎಂದು ಅವಳ ನೆಗೆಣ್ಣಿ ಹಂಪಕ್ಕ ಬೆನ್ನು ಸವರಿದಳು. ಹಂಪಕ್ಕ ಉಜ್ಜಿನಪ್ಪನ ಅಣ್ಣನ ಹೆಂಡತಿ, ಮುರುಗೇಶನ ತಾಯಿ. ಸತ್ತ ಮನೆಯಲ್ಲಿ ಯಾವುದು ಯಾವಾಗ ಆಗಬೇಕು ಎನ್ನುವುದಕ್ಕೆ ಆ ಓಣಿಯಲ್ಲಿ ಅವಳ ಮಾತೇ ಕೊನೆ.

ಸಂಗಮ್ಮ ಅಳುತ್ತಿರಲಿಲ್ಲ. ನಗು ತಡೆಯುತ್ತಿದ್ದಳು. ಗಂಡನ ಹೆಣದ ಪಕ್ಕ ನಗು ಬಂತಲ್ಲ ಎಂದು ಅವಳಿಗೇ ಗಾಬರಿಯಾಯಿತು. ಆದರೆ ಆ ಗಂಡಸರು ಜಗ್ಗುತ್ತಿದ್ದುದು ಉಲ್ಟಾ ದಿಕ್ಕಿಗೆ. ಸದ್ದಿನ ಮೇಲೇ ಅವಳಿಗೆ ಗೊತ್ತಾಗಿತ್ತು. ಜಗ್ಗಲಿ, ಮಧ್ಯಾಹ್ನದವರೆಗೂ ಜಗ್ಗಲಿ ಎಂದುಕೊಂಡು ಸುಮ್ಮನಿದ್ದಳು.

"ಹೆಣ ಇನ್ನ ಎತ್ತಿಲ್ಲ, ಅಷ್ಟರಾಗ ಇದೇನೋ ಮುರುಗ್ಯಾ?" ಎಂದು ಗಂಟೆ ಬಾರಿಸುತ್ತ ಕೂತಿದ್ದ ಅಯ್ಯನವರು ಕೊಟ್ರಯ್ಯ, ಪಡಸಾಲೆಗೆ ಬಂದ ಮುರುಗೇಶನನ್ನು ಕೇಳಿದರು.

"ಏನ್ ಮಾಡ್ಲಿ ಅಯ್ಯಾರ? ಕ್ರೇನ್ ಸಂಜಿತನಕ ಅಷ್ಟ ನಂದು. ನಾಳಿ ಸಂಡೂರಿನವ್ರು ಬುಕ್ ಮಾಡ್ಯಾರ. ಇವತ್ತ ಬಿಟ್ರ ಮತ್ತ ಒಂದು ತಿಂಗಳು ಸಿಗಂಗಿಲ್ಲ. ಊರಾಗ ಹೊಸಾ ಲೇತ್ ಬೇಕಂದ್ರ ಆರು ತಿಂಗಳು ಕಾಯಬೇಕು."

 ಅವನಿಗೆ ಎದುರಾಡುವುದಾದರೂ ಹೇಗೆ? ಬೆಳಗಿನಿಂದ ಎಲ್ಲಕ್ಕೂ ಓಡಾಡಿದವನು ಮುರುಗೇಶನೇ. ಶಾಮಿಯಾನ, ಕುರ್ಚಿ, ನೀರಿನ ಟ್ಯಾಂಕರು ಎಲ್ಲ ಅವನದೇ. ಕುಣಿ ತೋಡಲು ಆಳು ಸಿಗಲಿಲ್ಲ, ಎಲ್ಲರೂ ಗಣಿಗೆ ಅದಿರು ಒಡೆಯಲು ಹೋಗಿದ್ದರು. ಅದಕ್ಕೂ ಅವನೇ ಜೇಸಿಬಿ ಕಳಿಸಿದ್ದ. ಅವನ ಲಾರಿಗಳು ಸಂಡೂರಿನ ರಸ್ತೆಯಲ್ಲಿ ಹಗಲೂ ರಾತ್ರಿ ಅದಿರು ಹೊರುತ್ತಿದ್ದವು. ಲಾರಿಗೊಂದು ಪಿನ್ನು ಸವೆದರೂ ವರ್ಕ್‌ಶಾಪಿನವರ ಕಾಲು ಹಿಡಿಯಬೇಕಿತ್ತು. ಹಾಗಾಗಿ ಕಾಕಾನ ಲೇತು ಅವನಿಗೆ ಬೇಕೇ ಬೇಕಿತ್ತು. ಕಾಕಾನಿಗೆ ಮಕ್ಕಳಿರಲಿಲ್ಲ, ಕೇಳುವವರು ಯಾರು?

ಹಾಗೆಂದು ಕೇಳದೆಯೂ ಇರಲಿಲ್ಲ. ಬೆಳಿಗ್ಗೆ ಹೆಣಕ್ಕೆ ನೀರು ಹಾಕುವಾಗ, "ಚಿಗವ್ವ, ಆ ಪೀಡಾ ನಾ ಒಯ್ತೀನಿ, ನಿಂಗೂ ಜಾಗ ಆಕ್ಕೈತಿ," ಎಂದಿದ್ದ. ಸಂಗಮ್ಮ ಕೊಡ ಬಗ್ಗಿಸುತ್ತಿದ್ದಳು, ತುಟಿ ಎರಡು ಮಾಡಲಿಲ್ಲ. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ. 'ಪೀಡಾ' ಎಂಬ ಹೆಸರೂ ಅವಳೇ ಇಟ್ಟದ್ದು. ಮೂವತ್ತು ವರ್ಷ ಇಡೀ ಓಣಿ ಕೇಳುವ ಹಾಗೆ ಅವಳು ಆ ಲೇತನ್ನು ಬೈದಿದ್ದಳು.

*

ಮದುವೆಯಾದ ಮರುವರ್ಷ ಉಜ್ಜಿನಪ್ಪ ಮಂಚ ತರುತ್ತೇನೆಂದು ಕಂಪ್ಲಿಗೆ ಹೋಗಿದ್ದ. ಸಂಗಮ್ಮ ಹೊಸ ದುಪ್ಪಟಿ ಹೊಲಿದುಕೊಂಡು ಕಾದಿದ್ದಳು. ಸಂಜೆ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ಮುಚ್ಚಿ ಹೋದ ಅಕ್ಕಿ ಗಿರಣಿಯ ಹಳೇ ಲೇತು, ಎಣ್ಣೆ ಜಿಡ್ಡು, ತುಕ್ಕು. ಅದನ್ನು ಇಳಿಸಲು ಏಳು ಜನ ಬೇಕಾಯಿತು.

"ಇದರ ಮ್ಯಾಲ ಮಲಗಂತೀರೇನು?" ಎಂದು ಕೇಳಿದಳು.

"ನೋಡಽ, ಎಷ್ಟು ಚೆಂದ ತಿರಗತೈತಿ," ಎಂದ ಅವನು, ಕಬ್ಬಿಣ ಕಚ್ಚಿ ಹಿಡಿಯುವ ಚಕ್ಕನ್ನು ಕೈಯಿಂದ ತಿರುಗಿಸುತ್ತ.

ಅಂದಿನಿಂದ ಸುರುವಾಯಿತು ಜಗಳ. ಅಂಗಾಲಿಗೆ ಕಬ್ಬಿಣದ ಸುರುಳಿ ಚುಚ್ಚಿದರೆ ಬೈಗುಳ, ಧೋತರಕ್ಕೆ ಎಣ್ಣೆ ಹತ್ತಿದರೆ ಬೈಗುಳ, ಉಪ್ಪಿನಕಾಯಿ ಭರಣಿಯಲ್ಲಿ ಹಿತ್ತಾಳೆ ಚೂರು ಸಿಕ್ಕ ದಿನ ಎರಡು ದಿನ ಮಾತಿಲ್ಲ. ಟಪಾಲು ಹಂಚಿ ಬಂದವನು ಚಹಾ ಕುಡಿದು ಶೆಡ್ಡು ಸೇರಿದರೆ ಊಟಕ್ಕೆ ಮೂರು ಸಲ ಕೂಗಬೇಕು. ಮಾಡಿದ್ದಾದರೂ ಏನು? ಅಂಗೈಯಷ್ಟು ಉಗಿ ಎಂಜಿನ್ನು, ಸ್ಪಿರಿಟ್ಟು ಹಚ್ಚಿದರೆ ಪುಸುಪುಸು ಎಂದು ಓಡುತ್ತಿತ್ತು, ಅಷ್ಟೇ. ಸೈಕಲ್ಲಿಗೊಂದು ಗಂಟೆ, ವಿರೂಪಾಕ್ಷ ಗುಡಿಯ ಮುಂದೆ ಬಾರಿಸಿದರೆ ಬಜಾರಿನ ಆ ತುದಿಗೆ ಕೇಳುತ್ತಿತ್ತು. ಒಮ್ಮೆ ಹೆಂಡತಿಯನ್ನು ಸಮಾಧಾನ ಮಾಡಲು ಹಿತ್ತಾಳೆಯ ಚಕ್ಕುಲಿ ಒರಳು ಮಾಡಿದ. ಹೊಳೆಯುತ್ತಿತ್ತು, ಖರೆ. ಆದರೆ ತಿರುಪು ಬಲು ಸಣ್ಣಗೆ ಕೊರೆದುಬಿಟ್ಟಿದ್ದ. ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಗಬೇಕು.

"ಒಂದು ಚಕ್ಕಲಿ ಬೀಳೋದ್ರಾಗ ಹಬ್ಬ ಮುಗದಿರತೈತಿ," ಎಂದು ಅವಳು ಅದನ್ನು ಅಟ್ಟಕ್ಕೆ ಎಸೆದಳು.

ಆಮೇಲೆ ಬಂತು ಗಣಿಯ ಕಾಲ. ಚೀನಾಕ್ಕೆ ಅದಿರು ಬೇಕಂತೆ ಎಂದರು. ಎರಡೇ ವರ್ಷಕ್ಕೆ ಹೊಸಪೇಟೆಯ ಎಲೆ, ಗೋಡೆ, ನಾಯಿ, ಮನುಷ್ಯರು ಎಲ್ಲ ಕೆಂಪಾದರು. ದನದ ಕೊಟ್ಟಿಗೆಗಳು ವರ್ಕ್‌ಶಾಪಾದವು. ಒಬ್ಬ ಕಂಟ್ರಾಕ್ಟರು ಬಿಳಿ ಜೀಪಿನಲ್ಲಿ ಬಂದು ಶೆಡ್ಡು ಇಣುಕಿ, "ಯಜಮಾನ್ರ, ದಿನಾ ಐವತ್ತು ಪಿನ್ನು ಮಾಡಿಕೊಡ್ರಿ, ನಿಮ್ಮ ಬದುಕು ಬದಲಾಕ್ಕೈತಿ," ಎಂದ.

"ಆಗಂಗಿಲ್ರಿ. ಇದು ದುಡಿಯಾಕ ಇಟ್ಟ ಮಷೀನಲ್ಲ."

"ಖಾಲಿ ಕುಂದ್ರಸಿದ್ರ ಏನ್ ಬಂತು?"

"ಪೆನ್ಷನ್ ಆದ ಮ್ಯಾಲ ನಾನೂ ಖಾಲಿ ಕುಂತೀನಿ. ನನ್ನೂ ಜೀಪಿನ್ಯಾಗ ಹಾಕ್ಕೊಂಡು ಹೋಗ್ತೀರೇನು?"

ಜೀಪು ಹೋಯಿತು. ಉಜ್ಜಿನಪ್ಪ ಶೆಡ್ಡಿನ ಬಾಗಿಲು ಹಾಕಿದ. "ಇವ್ರು ಕೇಳಿಕೊಂಡು ಬಂದ್ರು. ಮುಂದ ಕೇಳದ ಬರ್ತಾರ," ಎಂದ. ಅದಾದ ತಿಂಗಳೊಳಗೆ ಲೇತಿನ ನಾಲ್ಕೂ ಕಾಲಿನ ಬೋಲ್ಟು ಕಿತ್ತು, ಹೊಸವನ್ನು ಮಾಡಿ, ನೆಲಕ್ಕೆ ಸಿಮೆಂಟು ಹಾಕಿ ಕೂಡಿಸಿದರು. ಅವು ಎಡತಿರುಪಿನ ಬೋಲ್ಟುಗಳು. ಲೋಕದ ನಟ್ಟೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇವು ಎಡಕ್ಕೆ ತಿರುಗಿಸಿದಷ್ಟೂ ಬಿಗಿಯುತ್ತವೆ. ಗೊತ್ತಿಲ್ಲದವನು ಶಕ್ತಿ ಹಾಕಿದಷ್ಟೂ ಲೇತು ಭೂಮಿಗೆ ಕಚ್ಚಿಕೊಳ್ಳಬೇಕು.

*

ಠಣ್ ಎಂದು ಸದ್ದಾಯಿತು. ಆಮೇಲೆ ಪೈಪು ನೆಲಕ್ಕೆ ಬಿದ್ದ ಸದ್ದು, ಆಳೊಬ್ಬ ಹಿಂದಕ್ಕೆ ಬಿದ್ದು ಬೈದುಕೊಂಡ ಸದ್ದು.

ಸಂಗಮ್ಮನ ನಗು ಅಲ್ಲೇ ನಿಂತಿತು. ಬೋಲ್ಟು ಮುರಿದಿತ್ತು.

"ಅಣ್ಣ, ಇಲ್ಲಿ ನೋಡಣ್ಣ," ಎಂದು ಹುಲಿಗೇಶನ ದನಿ ಕೇಳಿತು. ಅವನು ಮುರುಗೇಶ್ ಕರೆತಂದಿದ್ದ, ಲೇತು ಓಡಿಸುವ ಟರ್ನರು. ಇಷ್ಟು ಹೊತ್ತು ಮೋಟರಿನ ವೈರು ಬಿಚ್ಚುತ್ತಿದ್ದವನು ಈಗ ಮುರಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಿದ್ದ. "ಇವು ಎಡತಿರುಪು! ನಾವು ಬಿಚ್ಚಾಕತ್ತಿಲ್ಲ, ಬಿಗಿಯಾಕತ್ತೀವಿ. ಆದ್ರೂ ಯಾರಣ್ಣ ಇದನ್ನ ಕೊರದಾರ? ಭಾಳ ಮಸ್ತ್ ಐತಿ ಕೆಲಸ. ಒಂದು ಹಲ್ಲೂ ಹರದಿಲ್ಲ."

"ಮುದಿಯಂದು ಏನ್ ತಲಿ!" ಎಂದು ಮುರುಗೇಶ್ ನಕ್ಕ. "ಗೊತ್ತಾತಲ್ಲ, ಇನ್ನ ಮೂರು ಬಲಕ್ಕ ತಿರುವ್ರಿ. ಐದು ನಿಮಿಷದ ಕೆಲಸ. ಜಲ್ದಿ ಮಾಡ್ರಿ, ಹೆಣ ಎತ್ತೋದ್ರಾಗ ಇದು ಗಾಡಿ ಏರಬೇಕು."

 ಸುಮ್ಮನೆ ಕೂತರೆ ಸಾಕು ಎಂದು ಸಂಗಮ್ಮ ನಂಬಿದ್ದಳು. ಈಗ ಸುಮ್ಮನೆ ಕೂತರೆ ಐದು ನಿಮಿಷದಲ್ಲಿ ಲೇತು ಹೋಗುತ್ತದೆ. ಎದ್ದು ತಡೆಯಬೇಕೆಂದರೆ ಯಾಕೆ ಬೇಕು ಎಂದು ಹೇಳಬೇಕು. ಅದನ್ನು ಅವಳು ಈ ಭೂಮಿಯ ಮೇಲೆ ಒಬ್ಬರಿಗೂ ಹೇಳಿರಲಿಲ್ಲ. ಗೊತ್ತಿದ್ದವನೊಬ್ಬ, ಅವನು ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ.

*

ಜೀಪು ಬಂದು ಹೋದ ದಿನಗಳಲ್ಲಿ ಉಜ್ಜಿನಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲು, ಮನುಷ್ಯರು ಕಾಣುತ್ತಿದ್ದರು. ಲೇತಿನ ಹಿಡಿಕೆಯ ಮೇಲಿನ ಕೂದಲೆಳೆ ಗೆರೆಗಳು ಕಾಣುತ್ತಿರಲಿಲ್ಲ. ಆ ಗೆರೆಗಳಿಲ್ಲದೆ ಎಷ್ಟು ಕಬ್ಬಿಣ ಇಳಿಯಿತು ಎಂದು ತಿಳಿಯುವ ದಾರಿಯಿಲ್ಲ.

"ಸಂಗವ್ವ, ಒಂಚೂರು ಬಾ. ಗೆರಿ ಎಣಿಸು," ಎಂದ.

"ನಂಗೇನ್ ತಿಳೀತೈತಿ? ಸಾಲಿ ಕಂಡಾಕಿನೇನು ನಾನು?"

"ಎಣಿಸಾಕ ಸಾಲಿ ಯಾಕಬೇ? ಅಕ್ಕಿ ಆರಿಸೋ ಕಣ್ಣು ಸಾಕು."

ಗೊಣಗುತ್ತಲೇ ಹೋದಳು. ಮೊದಲ ದಿನ ಎಣಿಸಿದಳು. ಹದಿನೈದು ದಿನಕ್ಕೆ ಅವನ ಕೈ ನಡುಗುವುದು ಕಂಡು, "ಬಿಡ್ರಿ ಇಲ್ಲಿ," ಎಂದು ಹಿಡಿಕೆ ಕಸಿದುಕೊಂಡಳು. ನಾಲ್ಕು ಬೋಲ್ಟುಗಳನ್ನೂ ಕೊರೆದವಳು ಅವಳೇ. ಬೇರೆ ತಿರುಪಿಗೆ ಕೊರೆಯುವ ಟೂಲು ಚಕ್ಕಿನ ಕಡೆಗೆ ಸರಿದು ಬರುತ್ತದೆ, ಎಡತಿರುಪಿಗೆ ಚಕ್ಕಿನಿಂದ ಆಚೆಗೆ ಹೋಗುತ್ತದೆ. ಅವನು ಹಿಂದೆ ಸ್ಟೂಲಿನ ಮೇಲೆ ಕೂತು, "ಈಗ," ಎಂದು ಅವಳ ಬೆನ್ನಿಗೆ ಬೆರಳು ತಟ್ಟುವನು. ಅವಳು ಲಿವರು ಒತ್ತುವಳು. ಮೊದಲನೆಯದು ಹಾಳಾಯಿತು, ಎರಡನೆಯದೂ ಹಾಳಾಯಿತು. ಮೂರನೆಯದಕ್ಕೆ ನಟ್ಟು ಹಾಕಿ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಹೋಯಿತು. ಸಂಗಮ್ಮ ಅದನ್ನು ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಸಾರು ಉಕ್ಕಿ ಒಲೆ ಆರಿಹೋಗಿದ್ದು ಗೊತ್ತಾಗಲಿಲ್ಲ.

ಕಣ್ಣಿನ ಆಪರೇಶನ್ನಾದ ಮೇಲೂ ಅವನು ಹಿಡಿಕೆ ವಾಪಸು ಕೇಳಲಿಲ್ಲ, ಅವಳು ಕೊಡಲೂ ಇಲ್ಲ. ಎರಡು ವರ್ಷ ದಿನಾ ಮಧ್ಯಾಹ್ನ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. ಹೊರಗೆ ಬಂದರೆ ಅದೇ ಬೈಗುಳ, ಅದೇ 'ಪೀಡಾ'. ಮೂವತ್ತು ವರ್ಷ ಬೈದದ್ದನ್ನು ಈಗ ಹೊಗಳಿದರೆ ಓಣಿಯ ಹೆಂಗಸರು ಬಿಡುತ್ತಾರೆಯೇ? ಮರ್ಯಾದೆಯ ಪ್ರಶ್ನೆ. ಆದರೆ ನಿಜ ಹೇಳಬೇಕೆಂದರೆ, ಐವತ್ತು ವರ್ಷದ ಬದುಕಿನಲ್ಲಿ ಅವಳು ಆ ಎರಡು ವರ್ಷದಷ್ಟು ಸುಖವಾಗಿ ಎಂದೂ ಇರಲಿಲ್ಲ.

*

ಸಂಗಮ್ಮ ಎದ್ದಳು.

"ಏ, ಏಳಬಾರ್ದು, ಎತ್ತೋತನಕ ಏಳಬಾರ್ದು!" ಎಂದು ಹಂಪಕ್ಕ ಸೆರಗು ಹಿಡಿದಳು. ಸಂಗಮ್ಮ ಬಿಡಿಸಿಕೊಂಡಳು. ಪಡಸಾಲೆಯಿಂದ ಅಡಿಗೆಮನೆ, ಅಲ್ಲಿಂದ ಹಿತ್ತಲು. ಹಿಂದೆ ಹೆಂಗಸರ ಗುಂಪೇ ಬಂತು. ಕೊಟ್ರಯ್ಯ ಗಂಟೆ ಬಾರಿಸುವುದನ್ನು ನಿಲ್ಲಿಸಿ ಎದ್ದರು.

ಶೆಡ್ಡಿನ ಬಾಗಿಲಲ್ಲಿ ನಿಂತು ಅವಳು ಕೇಳಿದ ಮೊದಲ ಮಾತು ಇದು: "ಯಾರಲೇ ನನ್ನ ಬೋಲ್ಟ್ ಮುರದವ್ರು?"

ಆಳುಗಳು ಪಾನಾ ಬಿಟ್ಟು ನಿಂತರು.

"ಚಿಗವ್ವ, ನೀ ಯಾಕ ಎದ್ದು ಬಂದಿ? ನಾ ನೋಡ್ಕೋತೀನಿ, ಹೋಗು, ಕುಂದ್ರು."

"ಲೇತ್ ಹೋಗಂಗಿಲ್ಲ ಮುರುಗೇಶ. ಕ್ರೇನ್ ಕಳಸು."

"ನೀನ ಅಲ್ಲೇನು ಪೀಡಾ ಅಂತ ದಿನಾ ಬೈತಿದ್ದಾಕಿ?"

"ಬೈತಿದ್ದೆ. ನನ್ನ ಮನಿದು ನಾ ಬೈತೀನಿ. ನಿಂದೇನು?"

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮುರುಗೇಶನ ಮುಖ ಕೆಂಪಾಯಿತು. ಅವನು ಕೆಟ್ಟವನಲ್ಲ, ಆದರೆ ಅವಸರದವನು. "ಆತು, ಇಟ್ಕೋ. ಇಟ್ಕೊಂಡು ಏನ್ ಮಾಡ್ತಿ? ಓಡಸೋರು ಯಾರು? ತುಕ್ಕು ಹಿಡಸ್ತಿಯೇನು?"

"ನಾನು ಓಡಸ್ತೀನಿ."

"ದುಃಖದಾಗ ಏನೇನೋ ಮಾತಾಡಾಕತ್ತಾಳ, ಕರಕೊಂಡು ಹೋಗ್ರವಾ," ಎಂದು ಒಬ್ಬಳು ತೋಳಿಗೆ ಕೈ ಹಾಕಿದಳು. ಸಂಗಮ್ಮ ತೋಳು ಕೊಡವಿ ಹುಲಿಗೇಶನ ಕೈಯಲ್ಲಿದ್ದ ತುಂಡನ್ನು ತೋರಿಸಿದಳು. "ಚೆಂದ ಐತಿ ಅಂದೆಲ್ಲಪಾ, ಅದನ್ನ ಕೊರದಾಕಿ ನಾನು. ನಾಲ್ಕೂ ನಾನ ಕೊರದೀನಿ. ವೈರ್ ಹಚ್ಚು."

ಹುಲಿಗೇಶ್ ಮುರುಗೇಶನ ಕಡೆ ನೋಡಿದ. ಆಮೇಲೆ ಸಂಗಮ್ಮನ ಕೈಯ ಕಡೆ ನೋಡಿದ. ಬಗ್ಗಿ ಮೋಟರಿನ ವೈರು ಹಚ್ಚಿದ. ಬುಟ್ಟಿಯಿಂದ ಒಂದು ಕಬ್ಬಿಣದ ಸರಳು ತೆಗೆದು ಅಳೆದು ಅವಳ ಕೈಗೆ ಕೊಟ್ಟ. "ಇದನ್ನ ಒಂದು ಎಂಎಂ ಇಳಸ್ರಿ ಅಮ್ಮ. ಜಾಸ್ತಿ ಬ್ಯಾಡ, ಕಮ್ಮಿ ಬ್ಯಾಡ."

"ಎಂಎಂ ಗಿಂಎಂ ನಂಗ್ ತಿಳಿಯಂಗಿಲ್ಲ. ಗೆರಿ ಎಷ್ಟು ಹೇಳು."

ಅವನು ಹಿಡಿಕೆಯ ಗೆರೆಗಳನ್ನು ನೋಡಿ ಲೆಕ್ಕ ಹಾಕಿದ. "ಇಪ್ಪತ್ತು ಗೆರಿ."

ಸಂಗಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಬಳಿಕ ಎರಡೂ ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಇಳಿಸಿದಳು. ತಿರುಗುವ ಚಕ್ಕಿನ ಮುಂದೆ ಬಳೆ ಹಾಕಿ ನಿಂತರೆ ಬಳೆಯ ಜೊತೆ ಕೈಯೂ ಹೋಗುತ್ತದೆ. ಎರಡು ವರ್ಷದಿಂದ ಬಳೆಗಾರ್ತಿಯ ಹತ್ತಿರ ಅವಳು ಒಂದು ಅಳತೆ ದೊಡ್ಡದನ್ನೇ ಇಡಿಸಿಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಎತ್ತರದ ಆಳಾದ ಉಜ್ಜಿನಪ್ಪನ ಸಾಮಾನುಗಳು ಅವನ ಕೈಗೆಟಕುವಷ್ಟು ಮೇಲಿದ್ದವು. ಅವುಗಳ ಕೆಳಗೆ, ಅವಳ ಹೆಗಲಿನ ಮಟ್ಟಕ್ಕೆ ಒಂದು ಮೊಳೆ. ಹನ್ನೆರಡೂ ಬಳೆಗಳನ್ನು ಅದಕ್ಕೆ ತೂಗುಹಾಕಿದಳು.

ಸರಳನ್ನು ಚಕ್ಕಿಗೆ ಬಿಗಿದು ಸ್ವಿಚ್ಚು ಒತ್ತಿದಳು. ಹೆಣವಿದ್ದ ಮನೆಯಲ್ಲಿ ಲೇತು ಗುಂಯ್ ಎಂದಿತು.

ಹಳೇ ಲೇತು, ಹಿಡಿಕೆಯ ತಿರುಪು ಸವೆದು ಸಡಿಲಾಗಿತ್ತು. ಹೊಸಬರು ನೇರವಾಗಿ ಇಪ್ಪತ್ತು ಗೆರೆ ತಿರುಗಿಸಿದರೆ ಟೂಲು ಹದಿನೈದರಷ್ಟೂ ಸರಿಯುವುದಿಲ್ಲ. ಹುಲಿಗೇಶನಿಗೆ ಮುಟ್ಟಿ ನೋಡಿದಾಗಲೇ ಅದು ತಿಳಿದಿತ್ತು, ಹೇಳಿರಲಿಲ್ಲ. ಸಂಗಮ್ಮ ಮೊದಲು ಟೂಲನ್ನು ಅರ್ಧ ಸುತ್ತು ಹಿಂದಕ್ಕೆ ತಂದು, ಸಡಿಲು ತೆಗೆದು, ಮೆಲ್ಲಗೆ ಮುಂದಕ್ಕೆ ತಂದು ಸರಳಿಗೆ ಮುಟ್ಟಿಸಿದಳು. ಅದನ್ನು ನೋಡಿಯೇ ಅವನು ಕಟ್ಟಿದ ಕೈ ಬಿಚ್ಚಿದ. ಹತ್ತು ಗೆರೆ, ಆಮೇಲೆ ಎಂಟು. ನೀಲಿ ಸುರುಳಿಗಳು ಬಿಚ್ಚಿಕೊಂಡು ಬಿದ್ದವು. ಕೊನೆಯ ಎರಡು ಗೆರೆಗೆ ಅವಳು ಉಸಿರು ಹಿಡಿದಳು. ಬೆನ್ನಿಗೆ ಬೆರಳು ತಟ್ಟುವವರು ಇರಲಿಲ್ಲ. ಅದು ಅವಳಿಗೆ ಆಗ, ಆ ಕ್ಷಣದಲ್ಲಿ ಪೂರ್ತಿ ತಿಳಿಯಿತು. ಕಣ್ಣು ತುಂಬಿ ಗೆರೆಗಳು ಕಲಸಿಹೋದವು. ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಎಣಿಸಿದಳು.

ಲೇತು ನಿಂತಿತು. ಹುಲಿಗೇಶ್ ಜೇಬಿನಿಂದ ಮೈಕ್ರೋಮೀಟರು ತೆಗೆದು ಸರಳಿನ ಮೂರು ಕಡೆ ಅಳೆದ.

"ಎಷ್ಟೈತಿ?" ಎಂದ ಮುರುಗೇಶ್.

"ಸರಿ ಐತಿ ಅಣ್ಣ." ಹುಲಿಗೇಶ್ ಆಳುಗಳ ಕಡೆ ತಿರುಗಿದ. "ಸಾಮಾನು ಕಟ್ರಿ. ಈ ಮಷೀನ್ ನಾ ಬಿಚ್ಚಂಗಿಲ್ಲ."

ಮುರುಗೇಶ್ ತಲೆ ಕೆರೆದುಕೊಂಡ. ಸೋತೆನೆಂದು ಒಪ್ಪುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ. "ಹಂಗಾರ ಹಿಂಗ ಮಾಡು ಚಿಗವ್ವ. ನಮ್ಮ ಲಾರಿ ಪಿನ್ನು ಇಲ್ಲೇ ಮನ್ಯಾಗ ಕುಂತು ಮಾಡಿಕೊಡು."

"ನಂಗ ಬೇಕಾದ್ದು ನಾ ಮಾಡ್ತೀನಿ. ನಿಂಗ ಬೇಕಾದ್ದಲ್ಲ. ಮೊದಲ ಆ ಮುರದ ಬೋಲ್ಟ್ ಮಾಡಬೇಕು."

ಅವನು ಕ್ರೇನಿನ ಡ್ರೈವರನಿಗೆ ಫೋನು ಹಚ್ಚುತ್ತ ಹೊರಗೆ ಹೋದ.

"ಆತಲ್ಲ ನಿನ್ನ ಹಟ? ಬಾ ಇನ್ನ," ಎಂದು ಹಂಪಕ್ಕ ಮುಂದೆ ಬಂದಳು. ಅವಳ ಕೈಯಲ್ಲಿ ಗುಂಡುಕಲ್ಲಿತ್ತು. "ವಿಮಾನ ತಯಾರಾತು. ಎತ್ತೋಕಿಂತ ಮೊದಲ ಬಳಿ ಒಡೀಬೇಕು, ಹೊತ್ತಾತು." ಕೈ ಹಿಡಿದೆಳೆಯಲು ಹೋದವಳು ನಿಂತಳು. ಹಿಡಿದದ್ದು ಬರೀ ಮಣಿಕಟ್ಟು.

ಸಂಗಮ್ಮ ಕೈಬಿಡಿಸಿಕೊಂಡು, ಅರಿವೆಯಿಂದ ಎಣ್ಣೆ ಒರೆಸಿ, ಮೊಳೆಯಿಂದ ಬಳೆಗಳನ್ನು ತೆಗೆದು ಹಾಕಿಕೊಳ್ಳತೊಡಗಿದಳು. ಒಂದು, ಎರಡು, ಮೂರು. 

"ಏನ್ ಮಾಡಾಕತ್ತಿಬೇ?" ಎಂದಳು ಹಂಪಕ್ಕ.

"ಕೆಲಸ ಮುಗೀತು. ಬಳಿ ಹಾಕ್ಕೊಳ್ಳಾಕತ್ತೀನಿ. ದಿನಾ ಹಿಂಗ."

"ಇವತ್ತೂ?"

"ಇವತ್ತೂ, ನಾಳೀನೂ. ಒಡಿಯಾಕ ಅಲ್ಲಕ್ಕ, ಇಟ್ಕೊಳ್ಳಾಕ."

"ಅಯ್ಯಾರ, ನೀವಾದ್ರೂ ಹೇಳ್ರಿ!"

ಕೊಟ್ರಯ್ಯ ಬಾಗಿಲಲ್ಲಿ ನಿಂತಿದ್ದರು. "ನಾನೇನ್ ಹೇಳ್ಲಿ ಹಂಪಕ್ಕ? ಬಳಿ ಒಡೀರಿ ಅಂತ ನಮ್ಮ ಶರಣರು ಯಾರೂ ಹೇಳಿಲ್ಲ. ನಿನ್ನ ಗಂಡ ಹೋದಾಗನೂ ಇದನ್ನ ಹೇಳಿದ್ದೆ. ಯಾರು ಕೇಳಿದ್ರಿ?"

 ಅಂದು ಹೊಸ್ತಿಲ ಮೇಲೆ ಹಂಪಕ್ಕನ ಎರಡೂ ಕೈ ಹಿಡಿದು ಕುಟ್ಟಿದ್ದರು. ಗಾಜಿನ ಚೂರು ನೆಟ್ಟು ಬಲ ಮಣಿಕಟ್ಟಿನ ಮೇಲೆ ಬಿಳಿಯ ಕಲೆ ಉಳಿದಿತ್ತು. ಹನ್ನೊಂದು ವರ್ಷದಿಂದ ಆ ಕೈ ಬರಿದಾಗಿತ್ತು.

ಸಂಗಮ್ಮನ ಎಡಗೈಯಲ್ಲಿ ಕೊನೆಯ ಬಳೆ ಗಿಣ್ಣಿನ ಮೇಲೆ ನಿಂತುಬಿಟ್ಟಿತು. ಗೊತ್ತಿಲ್ಲದೆಯೇ ಅವಳು ಮುಷ್ಟಿ ಬಿಗಿದಿದ್ದಳು. ಒತ್ತಿದಳು, ಹೋಗಲಿಲ್ಲ.

ಹಂಪಕ್ಕ ಒಂದು ಹೆಜ್ಜೆ ಮುಂದಿಟ್ಟು ಆ ಕೈಯನ್ನು ಗಬಕ್ಕನೆ ಹಿಡಿದಳು. ಒಡೆದೇಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಗುಂಡುಕಲ್ಲು ಅವಳ ಇನ್ನೊಂದು ಕೈಯಿಂದ ಜಾರಿ ಮಣ್ಣಿಗೆ ಬಿತ್ತು.

"ಕೈ ಸಡ್ಲ ಬಿಡು," ಎಂದಳು ಹಂಪಕ್ಕ. ಸಂಗಮ್ಮನ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗಿಣ್ಣುಗಳನ್ನು ಒತ್ತಿ ಹಿಡಿದು, ಬಳೆಗಾರ್ತಿಯ ಹಾಗೆ ಆ ಹನ್ನೆರಡನೆಯ ಬಳೆಯನ್ನು ಮೆಲ್ಲಗೆ ಏರಿಸಿದಳು.